ಸ್ವಂತ ಕೈಯಿಂದ ಕಟ್ಟುವದು: ಗುಣವೋ ಗರ್ವವೋ?

ಒಬ್ಬನು ತನ್ನ ಮನೆಯ ಹಿತ್ತಿಲಲ್ಲಿ, ಕೈಕೆಲಸ ಮಾಡುವದಕ್ಕೋಸ್ಕರ, ಒಂದು ಚಿಕ್ಕ ಕೊಟ್ಟಿಗೆಯನ್ನು ತಳಹದಿಯಿಂದ ಮಾಡಿನ ವರೆಗೆ ತಾನೇ ಕಟ್ಟಿಕೊಳ್ಳಬೇಕೆಂದು ಮನಸ್ಸು ಮಾಡುತ್ತಾನೆಂದು ಎಣಿಸೋಣ. ಅವನು ಬಡಗಿಯಲ್ಲ, ಕಲ್ಲು ಕಟ್ಟುವವನೂ ಅಲ್ಲ. ಶಾಲೆಯಲ್ಲಿಯೋ ಕಚೇರಿಯಲ್ಲಿಯೋ ಅಂಗಡಿಯಲ್ಲಿಯೋ ದುಡಿದು ಜೀವಿಸುವವನು. ಮುರಿದ ಕುರ್ಚಿಯನ್ನು ಸರಿಪಡಿಸುವದಕ್ಕೂ, ಗುದ್ದಲಿಗೆ ಕಾವು ಹಾಕುವದಕ್ಕೂ, ಮಕ್ಕಳಿಗೆ ಒಂದು ಮೇಜು ಮಾಡುವದಕ್ಕೂ ಬೆಳಕೂ ನೆರಳೂ ಇರುವ ಒಂದು ಸ್ಥಳ ಅವನಿಗೆ ಬೇಕು. "ಮೇಸ್ತ್ರಿಯನ್ನು ಕರೆದರೆ ಬೇಗನೆ ಮುಗಿಯುವ ಕೆಲಸಕ್ಕೆ ನೀನು ಯಾಕೆ ಕೈ ಹಾಕುತ್ತೀ?" ಎಂದು ಅವನ ಅಣ್ಣನು ಕೇಳುತ್ತಾನೆ. "ಇವನಿಗೆ ಕೂಲಿ ಕೊಡುವದಕ್ಕೆ ಮನಸ್ಸಿಲ್ಲ" ಎಂದು ನೆರೆಯವನು ಹೇಳುತ್ತಾನೆ. ಅವನೋ, "ನನ್ನ ಕೆಲಸಕ್ಕೆ ನಾನು ಯಾರ ಹಂಗಿನಲ್ಲಿಯೂ ಇರಲಾರೆ" ಎಂದು ಉತ್ತರ ಕೊಡುತ್ತಾನೆ. ಈ ಮೂವರಲ್ಲಿ ಯಾರ ಮಾತು ಸರಿ?

ಇದು ಚಿಕ್ಕ ಪ್ರಶ್ನೆಯಾಗಿ ಕಂಡರೂ ಇದರೊಳಗೆ ದೊಡ್ಡ ಪ್ರಶ್ನೆಯೊಂದು ಅಡಗಿದೆ. ಇನ್ನೊಬ್ಬನು ನಮಗಿಂತ ಚೆನ್ನಾಗಿ ಮಾಡಬಲ್ಲ ಕೆಲಸವನ್ನು ನಾವೇ ಮಾಡುವದು ಯಾವಾಗ ಸದ್ಗುಣವಾಗುತ್ತದೆ? ಯಾವಾಗ ಅದು ಜಿಪುಣತನವೋ ಗರ್ವವೋ ಆಗುತ್ತದೆ? ಹೀಗೆ ಕಟ್ಟುವವರು ಸಾಮಾನ್ಯವಾಗಿ ಎರಡು ಕಾರಣಗಳನ್ನು ಹೇಳುತ್ತಾರೆ. ಹಣ ಉಳಿಯುತ್ತದೆಂಬದು ಒಂದು; ಯಾರ ಹಂಗೂ ಇಲ್ಲವೆಂಬದು ಇನ್ನೊಂದು. ಇವೆರಡನ್ನೂ ತೂಗಿ ನೋಡಿ, ಆ ಮೇಲೆ ನಿಜವಾದ ಕಾರಣವು ಯಾವದೆಂದು ವಿಚಾರಿಸೋಣ.

ಮೊದಲು ಹಣದ ಮಾತು. ಸ್ಕಾಟ್ಲೆಂಡಿನ ತತ್ತ್ವಜ್ಞಾನಿಯಾದ ಆಡಮ್ ಸ್ಮಿತ್ ಎಂಬವನು 1776ರಲ್ಲಿ ಪ್ರಕಟಿಸಿದ ರಾಷ್ಟ್ರಗಳ ಸಂಪತ್ತಿನ ವಿಷಯವಾದ ಗ್ರಂಥದಲ್ಲಿ ಗುಂಡುಸೂಜಿ ಮಾಡುವವರ ದೃಷ್ಟಾಂತವನ್ನು ಕೊಟ್ಟಿದ್ದಾನೆ. ತಂತಿಯನ್ನು ಎಳೆಯುವವನೊಬ್ಬ, ಕತ್ತರಿಸುವವನೊಬ್ಬ, ಮೊನೆ ಮಾಡುವವನೊಬ್ಬ, ಹೀಗೆ ಹತ್ತು ಜನರು ಕೆಲಸವನ್ನು ಹಂಚಿಕೊಂಡರೆ ದಿನಕ್ಕೆ 48,000ಕ್ಕಿಂತ ಹೆಚ್ಚು ಸೂಜಿಗಳಾಗುತ್ತವೆ. ಈ ಕಸುಬನ್ನು ಕಲಿಯದ ಒಬ್ಬನೇ ಎಲ್ಲವನ್ನೂ ಮಾಡಹೋದರೆ ದಿನಕ್ಕೆ 20 ಸೂಜಿಗಳು ಕೂಡ ಆಗವು. ಈ ಲೆಕ್ಕದ ಪ್ರಕಾರ ನಮ್ಮ ಗೃಹಸ್ಥನು ತನಗೆ ತಿಳಿದ ಕೆಲಸವನ್ನೇ ಮಾಡಿ, ಬಂದ ಹಣದಿಂದ ಮೇಸ್ತ್ರಿಗೆ ಕೂಲಿ ಕೊಡುವದೇ ಇಬ್ಬರಿಗೂ ಲಾಭಕರ. ಕಲಿತವನು ಒಂದು ದಿನದಲ್ಲಿ ಕಟ್ಟುವ ಗೋಡೆಯನ್ನು ಕಲಿಯದವನು ಮೂರು ನಾಲ್ಕು ದಿನಗಳಲ್ಲಿ ಕಟ್ಟುವನು. ಅದರ ಮೇಲೆ ಕರಣೆ, ಮಟ್ಟಗೋಲು, ಗರಗಸ, ಬೈರಿಗೆ, ಉಳಿ ಇವೆಲ್ಲವನ್ನು ಕೊಂಡುಕೊಳ್ಳಬೇಕು. ಹಾಳಾದ ಮರಕ್ಕೂ ಒಡೆದ ಕಲ್ಲಿಗೂ ಬೆಲೆ ತೆರಬೇಕು. ತನ್ನ ದಿನಗಳಿಗೆ ಬೆಲೆ ಕಟ್ಟಿ ಪ್ರಾಮಾಣಿಕವಾಗಿ ಲೆಕ್ಕ ಬರೆದರೆ, ಹಣ ಉಳಿಯಿತೆಂದು ಹೇಳುವವರಲ್ಲಿ ಅನೇಕರು ಸುಮ್ಮನಾಗಬೇಕಾಗುವದು. ಆದರೆ ಕೈಯಲ್ಲಿ ಹಣವಿಲ್ಲದೆ ಬರೀ ದಿನಗಳನ್ನೇ ಹೊಂದಿರುವ ಬಡವನ ಸಂಗತಿ ಬೇರೆ. ಬೇಸಗೆಯಲ್ಲಿ ಕೂಲಿ ಸಿಕ್ಕದಿರುವಾಗ ತನ್ನ ಹಿತ್ತಿಲಿನ ಗೋಡೆಯನ್ನು ತಾನೇ ಎತ್ತುವವನಿಗೆ ಅದು ನಿಜವಾದ ಉಳಿತಾಯ. ಅಂಥವನಿಗೆ ನಮ್ಮ ಉಪದೇಶ ಬೇಕಾಗಿಲ್ಲ. ಅವನು ನಮಗೇ ಕಲಿಸಬಲ್ಲನು.

ಎರಡನೆಯ ಕಾರಣವು ಹಂಗಿಲ್ಲವೆಂಬದು. ಇದರಲ್ಲಿಯೇ ಮೋಸವು ಹೆಚ್ಚು. "ನಾನೊಬ್ಬನೇ ಕಟ್ಟಿದೆನು" ಎಂಬ ಮಾತು ಎಷ್ಟರ ಮಟ್ಟಿಗೆ ಸತ್ಯವೆಂದು ಪರೀಕ್ಷಿಸುವದಕ್ಕೆ, ಈ ವಿಷಯದಲ್ಲಿ ಲೋಕದಲ್ಲೆಲ್ಲಾ ಹೆಸರಾದ ಒಬ್ಬನ ಸಂಗತಿಯನ್ನು ನೋಡೋಣ. ಅಮೇರಿಕದ ಹೆನ್ರಿ ಡೇವಿಡ್ ಥೋರೋ ಎಂಬವನು 1845ರಲ್ಲಿ ಮಾಸಾಚುಸೆಟ್ಸಿನ ಕಾಂಕರ್ಡ್ ಎಂಬ ಊರಿನ ಬಳಿಯಲ್ಲಿರುವ ವಾಲ್ಡನ್ ಕೊಳದ ದಡದಲ್ಲಿ, 15 ಅಡಿ ಉದ್ದವೂ 10 ಅಡಿ ಅಗಲವೂ ಆದ ಒಂದು ಮನೆಯನ್ನು ಸ್ವಂತ ಕೈಯಿಂದ ಕಟ್ಟಿದನು. ಅದಕ್ಕೆ ಹಿಡಿದ ಖರ್ಚು 28 ಡಾಲರು 12½ ಸೆಂಟು ಎಂದು ಕಾಸುಕಾಸಿನ ಲೆಕ್ಕವನ್ನು ಬರೆದಿಟ್ಟನು. ತನ್ನ ಶ್ರಮದ ಬೆಲೆಯನ್ನು ಮಾತ್ರ ಅದರಲ್ಲಿ ಸೇರಿಸಲಿಲ್ಲ. ಸ್ವಾವಲಂಬನಕ್ಕೆ ಅವನನ್ನೇ ಮಾದರಿಯಾಗಿ ತೋರಿಸುವವರು ಬಹು ಮಂದಿ. ಆದರೆ ಅವನೇ ಬರೆದದ್ದನ್ನು ಗಮನಿಸಿ ಓದಿದರೆ ಏನು ಕಾಣುತ್ತದೆ? ಮರ ಕಡಿಯುವದಕ್ಕೆ ಅವನು ಕೊಡಲಿಯನ್ನು ಎರವಲು ತಂದನು. ನೆಲವು ಅವನ ಸ್ನೇಹಿತನಾದ ಎಮರ್ಸನನದು. ಹಲಗೆಗಳಿಗೋಸ್ಕರ ರೈಲುದಾರಿಯಲ್ಲಿ ಕೆಲಸಮಾಡುತ್ತಿದ್ದ ಒಬ್ಬ ಐರ್ಲೆಂಡಿನವನ ಗುಡಿಸಲನ್ನು 4 ಡಾಲರು 25 ಸೆಂಟಿಗೆ ಕೊಂಡುಕೊಂಡನು. ಮರದ ಚೌಕಟ್ಟನ್ನು ಎತ್ತಿ ನಿಲ್ಲಿಸುವ ದಿವಸದಲ್ಲಿ ಪರಿಚಯಸ್ಥರು ಬಂದು ಕೈ ಕೊಟ್ಟರು. ಇವೆಲ್ಲವನ್ನು ಅವನು ಮುಚ್ಚಿಡದೆ ಬರೆದದ್ದು ಅವನಿಗೆ ಮಾನವೇ. ಎರವಲು ತಂದ ಕೊಡಲಿಯನ್ನು ತಂದಾಗಿನದಕ್ಕಿಂತ ಹರಿತ ಮಾಡಿ ಹಿಂದಕ್ಕೆ ಕೊಟ್ಟನೆಂದೂ ಹೇಳುತ್ತಾನೆ. ಹಂಗಿಲ್ಲದೆ ಕಟ್ಟಿದವರಲ್ಲಿ ಮುಖ್ಯನೆನಿಸಿದವನ ಮನೆಯೂ ಹೀಗೆ ಅನೇಕರ ಹಂಗಿನಲ್ಲಿ ನಿಂತಿತ್ತು.

ನಮ್ಮ ದೇಶದವರಿಗೆ ಹತ್ತಿರವಾದ ಇನ್ನೊಂದು ದೃಷ್ಟಾಂತವುಂಟು. ದಕ್ಷಿಣ ಆಫ್ರಿಕದಲ್ಲಿ ಗಾಂಧಿಯವರು 1910ರಲ್ಲಿ ಟಾಲ್‌ಸ್ಟಾಯ್ ಫಾರ್ಮ್ ಎಂಬ ನೆಲೆಯನ್ನು ಸ್ಥಾಪಿಸಿದಾಗ, ಅಲ್ಲಿಯ ವಾಸಿಗಳು ತಮ್ಮ ಮನೆಗಳನ್ನು ಕಟ್ಟುವದರಲ್ಲಿ ತಾವೇ ದುಡಿದರು. ಆದರೂ ಸುಮಾರು 1,100 ಎಕರೆಗಳ ಆ ಭೂಮಿಯನ್ನು ಕೊಟ್ಟವನು ಹರ್ಮನ್ ಕಾಲೆನ್‌ಬಾಕ್ ಎಂಬ ಶಿಲ್ಪಿ. ಕಸುಬು ಬೇಕಾದ ಕೆಲಸಕ್ಕೆ ಕಸುಬು ಬಲ್ಲವರೇ ಬಂದು ಸಹಾಯ ಮಾಡಿದರು. ಉಳಿದವರು ಹೊರುವದನ್ನೂ ಅಗೆಯುವದನ್ನೂ ಮಾಡಿದರು. ಸ್ವಂತ ಕೈಯ ಕೆಲಸವನ್ನು ಇಷ್ಟು ಮಾನಿಸಿದವರು ಕೂಡ ಬಲ್ಲವರ ಕೈಯನ್ನು ಬೇಡವೆನ್ನಲಿಲ್ಲ.

ದೂರದ ಮಾತು ಯಾಕೆ? ನಮ್ಮ ಕರಾವಳಿಯ ಹಿತ್ತಿಲಿಗೇ ಬರೋಣ. 12 ಅಡಿ ಉದ್ದ 10 ಅಡಿ ಅಗಲದ ಒಂದು ಕೊಟ್ಟಿಗೆಯನ್ನು ಮುರಕಲ್ಲಿನಿಂದ ಕಟ್ಟಿ ಹಂಚು ಹಾಕಬೇಕೆಂದು ಇಟ್ಟುಕೊಳ್ಳಿರಿ. ಗೋಡೆ ನೆನೆಯದಂತೆ ಸುತ್ತಲೂ ಎರಡೆರಡು ಅಡಿ ಸೂರು ಬಿಟ್ಟು, ನಮ್ಮ ಮಳೆಗೆ ತಕ್ಕಂತೆ 30 ಅಂಶದಷ್ಟು ಇಳಿಜಾರು ಕೊಟ್ಟರೆ, ಮಾಡಿನ ವಿಸ್ತೀರ್ಣವು ಸುಮಾರು 24 ಚದರ ಮೀಟರು ಆಗುತ್ತದೆ. ಚದರ ಮೀಟರಿಗೆ ಹದಿನೈದರಂತೆ ಸುಮಾರು 360 ಹಂಚುಗಳು ಬೇಕು. ಒಂದೊಂದು ಸುಮಾರು 2½ ಕಿಲೋ ತೂಗಿದರೆ, ಒಟ್ಟು 900 ಕಿಲೋ ಭಾರವು ತಲೆಯ ಮೇಲೆ ಏರಬೇಕು. ಏಣಿಯ ಬುಡದಲ್ಲಿ ಒಬ್ಬ, ನಡುವೆ ಒಬ್ಬ, ಮೇಲೆ ಒಬ್ಬ ನಿಂತು ಕೈಯಿಂದ ಕೈಗೆ ಕೊಟ್ಟರೆ ಅದು ಒಂದು ಬೆಳಗಿನ ಕೆಲಸ. ಒಬ್ಬನೇ ಮಾಡಿದರೆ ಬೆನ್ನು ಮುರಿಯುವ ಕೆಲಸ. ಇನ್ನು ನೆತ್ತಿಯ ತೊಲೆಯನ್ನು ಒಬ್ಬನೇ ಎತ್ತಿ ಕೂರಿಸುವವನು ಎಲ್ಲಿಯೂ ಇಲ್ಲ.

ಆ ಹಂಚಾದರೂ ಎಲ್ಲಿಂದ ಬಂತು? ಒಂದರೊಳಗೊಂದು ಕೂಡಿ ಕೂರುವ ಈ ತರದ ಹಂಚಿಗೆ 1841ರಲ್ಲಿ ಫ್ರಾನ್ಸಿನ ಆಲ್ಸಾಸ್ ಸೀಮೆಯ ಜಿಲಾರ್ದೋನಿ ಸಹೋದರರು ಹಕ್ಕುಪತ್ರವನ್ನು ಪಡೆದಿದ್ದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು, ಜಾತಿಯನ್ನು ಬಿಟ್ಟು ಸಭೆಗೆ ಸೇರಿ ಜೀವನೋಪಾಯವನ್ನು ಕಳಕೊಂಡವರಿಗೆ ಉದ್ಯೋಗ ಕೊಡುವದಕ್ಕೋಸ್ಕರ ನೇಯ್ಗೆ ಮುಂತಾದ ಕೈಗಾರಿಕೆಗಳನ್ನು ತೆರೆದರು. ಅವರಲ್ಲಿ ಗೆಯೋರ್ಗ್ ಪ್ಲೆಬ್ಸ್ಟ್ ಎಂಬವನು 1865ರಲ್ಲಿ ಅಲ್ಲಿಯ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದನು. ನೇತ್ರಾವತಿ ಸೀಮೆಯ ಜೇಡಿಯನ್ನು ತುಳಿದವರೂ, ಅಚ್ಚಿಗೆ ಹಾಕಿದವರೂ, ಆವಿಗೆಯ ಬೆಂಕಿಯನ್ನು ಕಾದವರೂ ಹೆಸರಿಲ್ಲದ ಗಂಡಸರು ಹೆಂಗಸರು. ತಾರಸಿಯ ಮನೆಗಳು ಬಂದ ಮೇಲೆ ಇಂಥ ಕಾರ್ಖಾನೆಗಳಲ್ಲಿ ಅನೇಕವು ಮುಚ್ಚಿಹೋದವು. ಹಿತ್ತಿಲಲ್ಲಿ ಹಳೆಯ ಹಂಚನ್ನು ಕೈಯಲ್ಲಿ ಹಿಡಿದು ನಿಂತವನು, ಒಂದು ನಿಮಿಷ ಅದನ್ನು ತಿರುಗಿಸಿ ನೋಡಿದರೆ, "ನಾನೊಬ್ಬನೇ" ಎಂಬ ಮಾತನ್ನು ಸುಲಭವಾಗಿ ಆಡಲಾರನು.

ಇದಕ್ಕಿಂತಲೂ ಹತ್ತಿರವಾದ ಒಂದು ಸಂಗತಿಯನ್ನು ಹೇಳದೆ ಬಿಡಕೂಡದು. ಗಾರೆ ಕಲಸುವದಕ್ಕೆ ಬಾವಿಯಿಂದ ನೀರು ಸೇದಿ ತಂದವರು ಯಾರು? ಸಿಮೆಂಟು ಹಾಕಿದ ಮೇಲೆ ಅದು ಗಟ್ಟಿಯಾಗುವದಕ್ಕೆ ಏಳು ದಿವಸಗಳಾದರೂ ನೆನೆಸುತ್ತಿರಬೇಕು. ಯಜಮಾನನು ಕಚೇರಿಗೆ ಹೋದಾಗ ಹಗಲಲ್ಲಿ ಗೋಡೆಗೆ ನೀರು ಹಾಕಿದವರು ಯಾರು? ಅವನು ರಜೆಯ ದಿನಗಳನ್ನೆಲ್ಲಾ ಹಿತ್ತಿಲಲ್ಲಿ ಕಳೆಯುವಾಗ ಅಂಗಡಿಗೂ ಹೊಲಕ್ಕೂ ಹೋಗಿ ಬಂದವರು, ಮಕ್ಕಳನ್ನು ನೋಡಿಕೊಂಡವರು ಯಾರು? ಅನೇಕ ಮನೆಗಳಲ್ಲಿ ತಾಯಿಯೂ ಹೆಂಡತಿಯೂ ಹೆಣ್ಣುಮಕ್ಕಳೂ ಹೊತ್ತ ಭಾರದ ಮೇಲೆ ಗಂಡಸಿನ ಹೆಸರು ನಿಂತಿರುತ್ತದೆ. ಕೊಟ್ಟಿಗೆ ತನ್ನದೆಂದು ಹೇಳುವವನು ಈ ಲೆಕ್ಕವನ್ನೂ ಬರೆಯಲಿ. ಮತ್ತು ಉಳಿಯನ್ನು ಹಿಡಿಯುವದಕ್ಕೆ ಮಗನಿಗೆ ಕಲಿಸುವ ಹಾಗೆಯೇ ಮಗಳಿಗೂ ಕಲಿಸಲಿ.

ಹಾಗಾದರೆ ಹಣವೂ ಉಳಿಯುವದು ಅಪರೂಪ, ಹಂಗೂ ತೀರುವದಿಲ್ಲ. ಆದರೂ ಸ್ವಂತ ಕೈಯಿಂದ ಕಟ್ಟುವದರಲ್ಲಿ ಒಂದು ಗುಣವಿದೆಯೆಂದು ನಾವು ದೃಢವಾಗಿ ಹೇಳುತ್ತೇವೆ. ಆ ಗುಣವು ಏನಂದರೆ, ಅದು ನಮ್ಮ ಅಳತೆಯನ್ನು ತಿದ್ದುತ್ತದೆ. ನಮ್ಮ ಸ್ವಂತ ಯೋಗ್ಯತೆಯ ಅಳತೆಯನ್ನೂ, ನೆರೆಯವನ ಶ್ರಮದ ಅಳತೆಯನ್ನೂ ತಿದ್ದುತ್ತದೆ.

ಹೇಗೆಂದು ವಿವರಿಸುತ್ತೇವೆ. ನಾವು ಮಾತಿನಿಂದ ಜೀವಿಸುವವರಾದರೆ, ನಮ್ಮ ತಪ್ಪುಗಳನ್ನು ಮಾತಿನಿಂದಲೇ ಮುಚ್ಚುವದಕ್ಕೆ ಅಭ್ಯಾಸವಾಗಿರುತ್ತದೆ. ಕಚೇರಿಯಲ್ಲಿ ತಡವಾದರೆ ಕಾರಣ ಹೇಳುತ್ತೇವೆ. ಸಭೆಯಲ್ಲಿ ಲೆಕ್ಕ ತಪ್ಪಿದರೆ ಸಮಾಧಾನ ಹೇಳುತ್ತೇವೆ. ನಮ್ಮ ಸ್ಥಾನವನ್ನು ನೋಡಿ ಜನರು ಒಪ್ಪಿಕೊಳ್ಳುತ್ತಾರೆ. ತೂಗುಗುಂಡಾದರೋ ಯಾರ ಸ್ಥಾನವನ್ನೂ ನೋಡುವದಿಲ್ಲ. ನೂಲಿನ ತುದಿಯಲ್ಲಿ ತೂಗುವ ಆ ಸೀಸದ ಗುಂಡು, ಗೋಡೆಯು ಅರ್ಧ ಅಂಗುಲ ವಾಲಿದ್ದರೆ ವಾಲಿದೆ ಎಂದೇ ತೋರಿಸುತ್ತದೆ. ಉಪಾಧ್ಯಾಯನು ಕಟ್ಟಿದರೂ ಕೂಲಿಯವನು ಕಟ್ಟಿದರೂ ಅದರ ತೀರ್ಪು ಒಂದೇ.

ಮೂಲೆಯನ್ನು ಗುರುತಿಸುವ ಸಂಗತಿಯೂ ಹಾಗೆಯೇ. ಕಣ್ಣಂದಾಜಿನಿಂದ ನೆಟ್ಟ ಗೂಟಗಳು ನೋಡುವದಕ್ಕೆ ಚೌಕವಾಗಿಯೇ ಕಾಣುತ್ತವೆ. ಒಂದು ಮೂಲೆಯಿಂದ ಒಂದು ಬದಿಗೆ 6 ಅಡಿ, ಇನ್ನೊಂದು ಬದಿಗೆ 8 ಅಡಿ ಅಳೆದು, ಆ ಎರಡು ಗುರುತುಗಳ ನಡುವೆ ಹಗ್ಗ ಹಿಡಿದರೆ ಸರಿಯಾಗಿ 10 ಅಡಿ ಬರಬೇಕು. ಬಾರದಿದ್ದರೆ ಮೂಲೆ ಸರಿಯಿಲ್ಲ. ಆ ಮೇಲೆ ಎದುರುಬದುರಿನ ಮೂಲೆಗಳ ನಡುವೆ ಅಳೆದು ನೋಡಬೇಕು. 12 ಅಡಿಗೆ 10 ಅಡಿಯಾದರೆ ಎರಡೂ ಓರೆ ಅಳತೆಗಳು ಸುಮಾರು 15 ಅಡಿ 7½ ಅಂಗುಲ ಇರಬೇಕು, ಮತ್ತು ಎರಡೂ ಒಂದಕ್ಕೊಂದು ಸಮನಾಗಿರಬೇಕು. ಇಷ್ಟು ಸುಲಭವಾದ ಪರೀಕ್ಷೆಯನ್ನು ಮಾಡುವದಕ್ಕೆ ಬೇಸರಪಟ್ಟವನು ಅದರ ಫಲವನ್ನು ತಳಹದಿಯಲ್ಲಿ ಕಾಣುವದಿಲ್ಲ, ಗೋಡೆಯಲ್ಲಿಯೂ ಕಾಣುವದಿಲ್ಲ. ಪಕ್ಕಾಸುಗಳನ್ನು ಇಟ್ಟು ರೀಪು ಹೊಡೆದು ಹಂಚು ಹಾಕುವ ದಿನದಲ್ಲಿ ಕಾಣುತ್ತಾನೆ. ಅಂದು ಒಂದು ಸಾಲು ಹಂಚು ಒಂದು ಕೊನೆಯಲ್ಲಿ ಕೂರುತ್ತದೆ, ಇನ್ನೊಂದು ಕೊನೆಯಲ್ಲಿ ಕೂರುವದಿಲ್ಲ. ಆರಂಭದಲ್ಲಿ ಅಡಗಿದ್ದ ಅಂಗುಲವು ಅಂತ್ಯದಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತದೆ.

ಮಟ್ಟದ ವಿಷಯದಲ್ಲಿಯೂ ಇಂಥದೇ ಪಾಠ. ಬೆಲೆಯುಳ್ಳ ಉಪಕರಣವಿಲ್ಲದವನು ಒಂದು ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿಸಿ, ಗಾಳಿಯ ಗುಳ್ಳೆ ಉಳಿಯದಂತೆ ನೋಡಿಕೊಂಡು, ಅದರ ಎರಡು ತುದಿಗಳನ್ನು ಎರಡು ಮೂಲೆಗಳಲ್ಲಿ ಹಿಡಿದರೆ ಸಾಕು. ಎರಡರಲ್ಲಿಯೂ ನೀರು ನಿಲ್ಲುವ ಎತ್ತರವು ಒಂದೇ. ಇದು ಬಡವನ ಹಿತ್ತಿಲಲ್ಲಿಯೂ ಶ್ರೀಮಂತನ ಬಂಗಲೆಯಲ್ಲಿಯೂ ವ್ಯತ್ಯಾಸವಿಲ್ಲದೆ ಸತ್ಯ.

ತಳಹದಿಯನ್ನು ನೋಡಿರಿ. ಮೆತ್ತನೆಯ ಮೇಲ್ಮಣ್ಣನ್ನು ತೆಗೆದು ಗಟ್ಟಿ ನೆಲ ಸಿಕ್ಕುವ ತನಕ ಅಗೆಯಬೇಕು. ಅದರಲ್ಲಿ ಕಲ್ಲನ್ನು ಸಂದಿಲ್ಲದಂತೆ ಕೂರಿಸಿ, ಸುತ್ತಲಿನ ನೆಲಕ್ಕಿಂತ ಒಂದು ಒಂದೂವರೆ ಅಡಿ ಎತ್ತರಕ್ಕೆ ತರಬೇಕು. ವರ್ಷಕ್ಕೆ ಹೆಚ್ಚು ಕಡಿಮೆ 3,500 ಮಿಲ್ಲಿಮೀಟರು ಮಳೆ ಬೀಳುವ ಮಂಗಳೂರಿನಂಥ ಸೀಮೆಯಲ್ಲಿ, ಆ ಮಳೆಯ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನ ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುವದರಿಂದ, ಈ ಎತ್ತರದಲ್ಲಿ ಜಿಪುಣತನ ಮಾಡಿದವನ ಉಳಿಗಳು ಆಷಾಢದಲ್ಲಿ ತುಕ್ಕು ಹಿಡಿಯುತ್ತವೆ. ಮರಕ್ಕೆ ಗೆದ್ದಲು ಏರುತ್ತದೆ. ಅಗೆಯುವ ಕೆಲಸದಲ್ಲಿ ಯಾವ ಹೊಗಳಿಕೆಯೂ ಇಲ್ಲ. ಹೂತುಹೋದ ಕಲ್ಲನ್ನು ಯಾರೂ ನೋಡಿ ಮೆಚ್ಚುವದಿಲ್ಲ. ಆದರೂ ಆ ಕೆಲಸವನ್ನು ಮನಃಪೂರ್ವಕವಾಗಿ ಮಾಡಿದವನು, ಲೋಕದಲ್ಲಿ ನಿಂತಿರುವ ಎಷ್ಟು ಸಂಗತಿಗಳು ಕಾಣದವರ ದುಡಿತದ ಮೇಲೆ ನಿಂತಿವೆ ಎಂದು ತಿಳುಕೊಳ್ಳುತ್ತಾನೆ.

ಮುರಕಲ್ಲೂ ಒಂದು ಪಾಠವನ್ನು ಕಲಿಸುತ್ತದೆ. ನೆಲದೊಳಗಿರುವಾಗ ಅದು ಕೊಯ್ಯುವದಕ್ಕೆ ಮೆತ್ತಗಿದ್ದು, ಗಾಳಿಗೂ ಬಿಸಿಲಿಗೂ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಇಟ್ಟಿಗೆಯ ಹಾಗೆ ಉಪಯೋಗಿಸುವದನ್ನು ಮಲಬಾರಿನಲ್ಲಿ ಕಂಡ ಫ್ರಾನ್ಸಿಸ್ ಬುಕಾನನ್ ಎಂಬವನು, 1807ರಲ್ಲಿ ಪ್ರಕಟವಾದ ತನ್ನ ಪ್ರಯಾಣದ ವೃತ್ತಾಂತದಲ್ಲಿ, ಇಟ್ಟಿಗೆಯನ್ನು ಸೂಚಿಸುವ ಲಾಟಿನ್ ಶಬ್ದದಿಂದ ಇದಕ್ಕೆ ಲ್ಯಾಟರೈಟ್ ಎಂಬ ಹೆಸರನ್ನಿಟ್ಟನು. ಅದನ್ನು ಕೊಯ್ದ ಕೂಡಲೆ ಅವಸರದಿಂದ ಗೋಡೆಗೆ ಇಡದೆ ಕೆಲವು ಕಾಲ ಒಣಗಲು ಬಿಡುವದನ್ನು ಹಳೆಯ ಮೇಸ್ತ್ರಿಗಳು ಬಲ್ಲರು. ಹೊಸದಾಗಿ ಕಟ್ಟುವವನಿಗೆ ಅವಸರವಿದೆ, ಕಲ್ಲಿಗೆ ಅವಸರವಿಲ್ಲ. ಕಲ್ಲಿನ ಕಾಲಕ್ಕೆ ನಾವು ಒಳಗಾಗಬೇಕೇ ಹೊರತು ನಮ್ಮ ಕಾಲಕ್ಕೆ ಕಲ್ಲು ಒಳಗಾಗುವದಿಲ್ಲ.

ಮೇಲೆ ಹೇಳಿದ ಆಡಮ್ ಸ್ಮಿತ್ ತಾನೇ, ಆ ಗ್ರಂಥದ ಕೊನೆಯ ಭಾಗದಲ್ಲಿ, ಕೆಲಸವನ್ನು ಹಂಚುವದರಿಂದಾಗುವ ಹಾನಿಯನ್ನೂ ಹೇಳದೆ ಬಿಡಲಿಲ್ಲ. ಜೀವಮಾನವೆಲ್ಲಾ ಒಂದೆರಡು ಸಣ್ಣ ಕ್ರಿಯೆಗಳನ್ನೇ ಮಾಡುತ್ತಿರುವವನ ಬುದ್ಧಿಯು ಮಂಕಾಗಿ ಹೋಗುತ್ತದೆಂದು ಅವನು ಎಚ್ಚರಿಸಿದನು. ಅವನು ಹೇಳಿದ್ದು ಕಾರ್ಖಾನೆಯ ಕೂಲಿಯವನ ವಿಷಯವಾಗಿ; ಆದರೆ ಇಡೀ ದಿವಸ ಕಾಗದವನ್ನೋ ಗಾಜಿನ ತೆರೆಯನ್ನೋ ನೋಡುತ್ತಾ ಕೂತಿರುವ ಇಂದಿನವರಿಗೂ ಅದು ತಗಲುತ್ತದೆ. ತಳಹದಿಯಿಂದ ಮಾಡಿನ ವರೆಗೆ ಒಂದು ಕೆಲಸವನ್ನು ಪೂರ್ತಿಯಾಗಿ ನೋಡಿದವನ ಬುದ್ಧಿಗೆ, ಒಂದು ಸಂಗತಿಯು ಇನ್ನೊಂದಕ್ಕೆ ಹೇಗೆ ಕಟ್ಟಲ್ಪಟ್ಟಿದೆ ಎಂಬ ಜ್ಞಾನವು ಬರುತ್ತದೆ. ಇದು ಪುಸ್ತಕದಿಂದ ಬರತಕ್ಕದ್ದಲ್ಲ.

ಇಲ್ಲಿ ಒಂದು ಆಕ್ಷೇಪಣೆ ಹುಟ್ಟಬಹುದು. "ಹೀಗೆ ಎಲ್ಲರೂ ತಮ್ಮ ಕೆಲಸವನ್ನು ತಾವೇ ಮಾಡಿಕೊಂಡರೆ, ಊರಿನ ಬಡಗಿಯೂ ಮೇಸ್ತ್ರಿಯೂ ಏನು ತಿನ್ನಬೇಕು? ಸಂಬಳವುಳ್ಳವನು ವಿನೋದಕ್ಕಾಗಿ ಗೋಡೆ ಕಟ್ಟಿ, ಸಂಬಳವಿಲ್ಲದವನ ಕೂಲಿಯನ್ನು ಕಸಕೊಳ್ಳುವದು ನ್ಯಾಯವೋ?" ಈ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಬಿಡಕೂಡದು. ಕೆಲಸವಿಲ್ಲದೆ ಕೂತಿರುವ ಮೇಸ್ತ್ರಿಯ ಮನೆಯ ಎದುರಿನಲ್ಲಿಯೇ, ಕೂಲಿ ಕೊಡಲು ಶಕ್ತನಾದವನು ಬರೀ ಹಣ ಉಳಿಸುವದಕ್ಕಾಗಿ ತಾನೇ ಕಟ್ಟಿದರೆ, ಅದನ್ನು ಸದ್ಗುಣವೆಂದು ನಾವು ಕರೆಯಲಾರೆವು. ಅಂಥವನು ಆ ಮೇಸ್ತ್ರಿಯನ್ನು ಕೂಲಿಗೆ ಕರೆದು, ಅವನ ಕೈಕೆಳಗೆ ತಾನು ಸಹಾಯಕನಾಗಿ ನಿಂತು ಕಲಿಯುವದು ಉತ್ತಮ. ಆಗ ಕೂಲಿಯೂ ಸಲ್ಲುತ್ತದೆ, ವಿದ್ಯೆಯೂ ದೊರೆಯುತ್ತದೆ. ಮತ್ತು ನಮ್ಮ ದೇಶದಲ್ಲಿ ಬಹಳ ಅಪರೂಪವಾದ ಒಂದು ಸಂಗತಿ ನಡೆಯುತ್ತದೆ. ಹೇಗಂದರೆ, ಓದಿದವನು ಓದದವನಿಂದ ಅಪ್ಪಣೆ ಪಡೆದು ಕೆಲಸ ಮಾಡುತ್ತಾನೆ.

ನಮ್ಮಲ್ಲಿ ಕೈಕೆಲಸವನ್ನು ಕೀಳೆಂದು ಎಣಿಸುವ ದೋಷವು ಬಹು ಹಳೆಯದು. ಕುರ್ಚಿಯನ್ನು ಮಾಡುವವನಿಗೆ ಕುರ್ಚಿ ಕೊಡದವರಿದ್ದೇವೆ. ಮನೆ ಕಟ್ಟಿದವನನ್ನು ಗೃಹಪ್ರವೇಶದ ದಿನದಲ್ಲಿ ಅಂಗಳದಲ್ಲಿಯೇ ನಿಲ್ಲಿಸಿದವರಿದ್ದೇವೆ. ಬಡಗಿಯೆಂದು ಕರೆಯಲ್ಪಟ್ಟ ಕರ್ತನನ್ನೂ, ಗುಡಾರ ಕಟ್ಟುವ ಕಸುಬಿನಿಂದ ಜೀವಿಸಿದ ಅಪೊಸ್ತಲನನ್ನೂ ಗೌರವಿಸುವ ಸಭೆಗಳು ಕೂಡ ಈ ದೋಷದಿಂದ ಪೂರ್ಣವಾಗಿ ತಪ್ಪಿಸಿಕೊಳ್ಳಲಿಲ್ಲ. ನಮ್ಮ ಹುಡುಗರು ಹತ್ತನೆಯ ತರಗತಿಯನ್ನು ಮುಗಿಸಿದ ಮೇಲೆ ಗುದ್ದಲಿಯನ್ನು ಮುಟ್ಟುವದಕ್ಕೆ ನಾಚುತ್ತಾರೆ. ಈ ನಾಚಿಕೆಯು ಉಪದೇಶದಿಂದ ಹೋಗುವದಿಲ್ಲ. ಕೈಗೆ ಬೊಕ್ಕೆ ಎದ್ದರೆ ಹೋಗುತ್ತದೆ.

ಆದದರಿಂದ ಸ್ವಂತ ಕೈಯಿಂದ ಕಟ್ಟಿದವನ ಕೆಲಸವು ಗುಣವೋ ಗರ್ವವೋ ಎಂದು ತಿಳಿಯುವದಕ್ಕೆ ನಾವು ಒಂದು ಪರೀಕ್ಷೆಯನ್ನು ಹೇಳುತ್ತೇವೆ. ಕೊಟ್ಟಿಗೆ ಮುಗಿದ ಮೇಲೆ ಅವನು ಊರಿನ ಬಡಗಿಯ ಸಂಗಡ ಕೂಲಿಯ ಮಾತನ್ನು ಹೇಗೆ ಆಡುತ್ತಾನೆ? "ಇದೆಲ್ಲಾ ನನಗೂ ಗೊತ್ತು, ಇದಕ್ಕೆ ಇಷ್ಟೊಂದು ಯಾಕೆ?" ಎಂದು ಚೌಕಾಸಿ ಮಾಡಿದರೆ, ಅವನು ಗೋಡೆಯನ್ನು ಕಟ್ಟಿದನು, ಆದರೆ ಏನನ್ನೂ ಕಲಿಯಲಿಲ್ಲ. "ಒಂದು ಬಾಗಿಲ ಚೌಕಟ್ಟನ್ನು ನೇರವಾಗಿ ನಿಲ್ಲಿಸುವದಕ್ಕೆ ನನಗೆ ಎರಡು ದಿನ ಹಿಡಿಯಿತು, ಇವನು ಅದನ್ನು ಒಂದು ಹೊತ್ತಿನಲ್ಲಿ ಮಾಡುತ್ತಾನೆ, ಆ ಒಂದು ಹೊತ್ತಿನ ಹಿಂದೆ ಎಷ್ಟು ವರುಷಗಳಿವೆಯೋ!" ಎಂದು ತಿಳಿದು, ಕೇಳಿದ ನ್ಯಾಯವಾದ ಕೂಲಿಯನ್ನು ಸಂತೋಷದಿಂದ ಸಂಜೆಯೊಳಗೆ ಕೊಟ್ಟರೆ, ಅವನ ಕೊಟ್ಟಿಗೆಯು ಅವನಿಗೆ ಗುರುವಾಯಿತು. ಈ ಪರೀಕ್ಷೆಯಲ್ಲಿ ಗೆದ್ದವನ ಗೋಡೆಯು ಸ್ವಲ್ಪ ಓರೆಯಾಗಿದ್ದರೂ ನಾವು ಅವನನ್ನು ಒಳ್ಳೇ ಕಟ್ಟುವವನೆಂದೇ ಹೇಳುವೆವು.

ಇನ್ನು ಸ್ವಂತ ಕೆಲಸದ ಮೇರೆಯ ವಿಷಯವಾಗಿ ಸ್ವಲ್ಪ ಹೇಳಬೇಕಾಗಿದೆ. ನಮ್ಮ ತಪ್ಪಿನ ಫಲವು ನಮ್ಮ ಮೇಲೆ ಮಾತ್ರ ಬೀಳುವಾಗ ಅದು ಪಾಠ. ಇನ್ನೊಬ್ಬನ ಮೇಲೆ ಬೀಳುವಾಗ ಅಪರಾಧ. ಮೇಜಿನ ಕಾಲು ಮುರಿದರೆ ಇನ್ನೊಂದನ್ನು ಮಾಡಬಹುದು. ವಿದ್ಯುಚ್ಛಕ್ತಿಯ ತಂತಿಯನ್ನು ತಪ್ಪಾಗಿ ಜೋಡಿಸಿದರೆ ಒಂದು ಮಗುವಿನ ಪ್ರಾಣ ಹೋಗಬಹುದು. ಆದಕಾರಣ ತಂತಿ ಎಳೆಯುವದನ್ನೂ ಭೂಮಿಗೆ ಸಂಪರ್ಕ ಕೊಡುವದನ್ನೂ ಪರವಾನಿಗೆ ಹೊಂದಿದ ಕೆಲಸಗಾರನಿಗೆ ಬಿಡತಕ್ಕದ್ದು. ಇಲ್ಲಿ "ನಾನೇ ಮಾಡುವೆನು" ಎಂಬದು ಧೈರ್ಯವಲ್ಲ. ನೆತ್ತಿಯ ತೊಲೆಯು ಭಾರವನ್ನು ತಾಳುವದೋ ಎಂಬದನ್ನು ಬಲ್ಲ ಬಡಗಿಗೆ ತೋರಿಸಿಯೇ ಹಂಚು ಏರಿಸಬೇಕು. ಯಂತ್ರದ ಗರಗಸದಿಂದ ಕಲ್ಲು ಕೊಯ್ಯುವಾಗ ಏಳುವ ಸಣ್ಣ ಧೂಳಿಯು ಶ್ವಾಸಕೋಶದಲ್ಲಿ ಕೂತು ತಿರುಗಿ ವಾಸಿಯಾಗದ ರೋಗವನ್ನುಂಟುಮಾಡುವ ಸಂಭವವುಂಟು. ಕಲ್ಲನ್ನು ನೆನೆಸಿ ಕೊಯ್ಯಬೇಕು, ಮೂಗು ಬಾಯಿಗಳಿಗೆ ತಕ್ಕ ಮುಸುಕು ಕಟ್ಟಬೇಕು, ಮಕ್ಕಳನ್ನು ದೂರವಿಡಬೇಕು. ಇಲ್ಲಿಯೂ ಒಂದು ಮಾತನ್ನು ಮರೆಯದಿರೋಣ: ಒಂದು ವಾರ ಧೂಳಿ ಕುಡಿದು ನಾವು ಕೆಮ್ಮಿದರೆ, ಕಲ್ಲುಕೋರೆಯಲ್ಲಿ ಜೀವಮಾನವೆಲ್ಲಾ ಅದನ್ನೇ ಕುಡಿಯುವವರ ಸಂಗತಿಯೇನು?

ನೆರೆಯವನ ಹಕ್ಕನ್ನೂ ನೋಡಬೇಕು. ಗ್ರಾಮ ಪಂಚಾಯತಿಯಿಂದ ಬೇಕಾದ ಅಪ್ಪಣೆಯನ್ನು ಮೊದಲೇ ಪಡೆಯಬೇಕು. ನಮ್ಮ ಸೂರಿನ ನೀರು ಅವನ ಅಂಗಳಕ್ಕೆ ಬೀಳದಷ್ಟು ದೂರದಲ್ಲಿ ಗೋಡೆಯನ್ನು ನಿಲ್ಲಿಸಬೇಕು. ಸುತ್ತಿಗೆಯ ಸದ್ದು ಅವನ ಮನೆಯ ರೋಗಿಯ ನಿದ್ರೆಯನ್ನು ಕೆಡಿಸಕೂಡದು. ಗಡಿಕಲ್ಲಿನ ಬಳಿ ಒಂದು ಅಡಿಯನ್ನು ಗೆಲ್ಲುವದಕ್ಕಾಗಿ ಎರಡು ತಲೆಮಾರಿನ ಸ್ನೇಹವನ್ನು ಕಳಕೊಂಡವರನ್ನು ನಾವೆಲ್ಲರೂ ಬಲ್ಲೆವು. ಸ್ನೇಹವನ್ನು ಕೆಡವಿ ಕಟ್ಟಿದ ಕೊಟ್ಟಿಗೆಯಲ್ಲಿ, ತೊಲೆ ಎತ್ತುವ ದಿನದಲ್ಲಿ ಕೈ ಕೊಡುವದಕ್ಕೆ ಯಾರು ಬರುವರು?

ಕಡೆಗೆ, ಕೊಟ್ಟಿಗೆಯು ಕೆಲಸಕ್ಕೋಸ್ಕರವೇ ಹೊರತು ಕೆಲಸವು ಕೊಟ್ಟಿಗೆಗೋಸ್ಕರವಲ್ಲ. ಕೆಲವರು ಅದನ್ನು ಕಟ್ಟುವದರಲ್ಲಿಯೂ, ಉಪಕರಣಗಳನ್ನು ಕೊಂಡು ಸಾಲಾಗಿ ತೂಗಹಾಕುವದರಲ್ಲಿಯೂ ಕಾಲವನ್ನೆಲ್ಲಾ ಕಳೆದು, ಅದರೊಳಗೆ ಒಂದು ಮಣೆಯನ್ನು ಕೂಡ ಮಾಡದೆ ಹೋಗುತ್ತಾರೆ. ಕೊಟ್ಟಿಗೆಯ ಬೆಲೆಯು ಅದರಿಂದ ಹೊರಗೆ ಬಂದದ್ದರಲ್ಲಿದೆ: ವಿಧವೆಯೊಬ್ಬಳ ಬಾಗಿಲು ಸರಿಯಾಯಿತೋ, ಶಾಲೆಯ ಬೆಂಚಿಗೆ ಕಾಲು ಬಂತೋ, ಪಕ್ಕದ ಮನೆಯ ಹುಡುಗಿಯು ಗರಗಸವನ್ನು ನೆಟ್ಟಗೆ ಹಿಡಿಯುವದಕ್ಕೆ ಕಲಿತಳೋ, ಎರವಲು ಕೇಳಿದವನಿಗೆ ಉಳಿ ಸಿಕ್ಕಿತೋ ಎಂಬವುಗಳಲ್ಲಿದೆ. ಬಾಗಿಲಿಗೆ ಬೀಗ ಹಾಕಿ "ಇದು ನನ್ನದು" ಎಂದು ನೋಡಿ ಸಂತೋಷಪಡುವದಕ್ಕಾದರೆ ಅಷ್ಟು ಕಲ್ಲು ಹೊರಬೇಕಾಗಿದ್ದಿಲ್ಲ.

ಪ್ರಿಯ ವಾಚಕರೇ, ಹಿತ್ತಿಲಲ್ಲಿ ಸ್ಥಳವೂ ಮೈಯಲ್ಲಿ ಶಕ್ತಿಯೂ ಇರುವವರು, ಬರುವ ಮಳೆಗಾಲ ಕಳೆದು ನೆಲ ಒಣಗಿದ ಮೇಲೆ, ಇಂಥ ಒಂದು ಕೆಲಸಕ್ಕೆ ಕೈ ಹಾಕಬೇಕೆಂದು ನಾವು ಕೇಳಿಕೊಳ್ಳುತ್ತೇವೆ. ದೊಡ್ಡದು ಬೇಡ, ಹತ್ತು ಹನ್ನೆರಡು ಅಡಿಯದು ಸಾಕು. ಆರಂಭಿಸುವ ಮುಂಚೆ ಖರ್ಚನ್ನು ಲೆಕ್ಕಿಸಿರಿ. ಅರ್ಧದಲ್ಲಿ ನಿಂತ ಗೋಡೆಯು ಊರವರ ನಗೆಗೆ ಗುರಿಯಾಗುತ್ತದೆ. ಬಲ್ಲವರನ್ನು ಕೇಳುವದಕ್ಕೆ ನಾಚಬೇಡಿರಿ. ಓರೆಯಾದದ್ದನ್ನು ಗಾರೆ ಮೆತ್ತಿ ಮುಚ್ಚದೆ ಬಿಚ್ಚಿ ಕಟ್ಟಿರಿ. ಮಾಡು ಏರಿದ ಸಂಜೆಯಲ್ಲಿ, ಹಂಚು ಕೊಟ್ಟ ಕೈಗಳಿಗೂ ನೀರು ಹೊತ್ತ ಕೈಗಳಿಗೂ ಒಂದೇ ಪಂಕ್ತಿಯಲ್ಲಿ ಊಟವಿಡಿರಿ. ಮರುದಿವಸ ಯಾರಾದರೂ ಬಂದು, "ಇದನ್ನು ಕಟ್ಟಿದವರು ಯಾರು?" ಎಂದು ಕೇಳಿದರೆ, ಎಲ್ಲರ ಹೆಸರನ್ನೂ ಹೇಳಿರಿ, ನಿಮ್ಮದನ್ನು ಕಡೆಗೆ ಹೇಳಿರಿ.